ಆಲ್ಡಿ ಫ್ರೀಜರಿನ ಸಾಮಾನು, ನಮ್ಮ ಮನೆಯ ಒಗ್ಗರಣೆ

ಅಮೆರಿಕಕ್ಕೆ ಓದಲೋ ಕೆಲಸಕ್ಕೋ ಹೊಸದಾಗಿ ಬಂದ ನಮ್ಮವರು ಮೊದಲ ಕೆಲವು ತಿಂಗಳು ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಕೆಲವರು ಬಟಾಣಿಯಿಂದ ಹಿಡಿದು ಟೊಮೆಟೊವರೆಗೆ ಎಲ್ಲವನ್ನೂ ಇಂಡಿಯನ್ ಸ್ಟೋರಿನಲ್ಲೇ ತರುತ್ತಾರೆ. ಇನ್ನು ಕೆಲವರು ಅಗ್ಗದ ಅಂಗಡಿಗೆ ನುಗ್ಗಿ, ಚಿತ್ರ ಚೆನ್ನಾಗಿರುವ ಡಬ್ಬಿಗಳನ್ನೆಲ್ಲ ಗಾಡಿಗೆ ತುಂಬಿ, ಅರ್ಧ ತಿಂದು ಅರ್ಧ ಕಸಕ್ಕೆ ಹಾಕುತ್ತಾರೆ. ಎರಡರಲ್ಲೂ ಖರ್ಚು ಜಾಸ್ತಿಯೇ.

ನನ್ನ ಸಲಹೆ ಇಷ್ಟೇ: ಅಗ್ಗದ ಅಂಗಡಿಯಲ್ಲಿ ಪೂರ್ತಿ ಊಟ ಕೊಳ್ಳಬೇಡಿ, ಅರ್ಧ ಕೆಲಸ ಮುಗಿದಿರುವ ಸಾಮಾನು ಕೊಳ್ಳಿ. ಹೆಚ್ಚಿದ ತರಕಾರಿ, ಬೆಂದ ಕಾಳು, ಅರೆದ ಟೊಮೆಟೊ ಅವರದಾಗಲಿ. ಒಗ್ಗರಣೆ, ಹುಳಿ, ಖಾರ ನಿಮ್ಮದಾಗಲಿ. ಇದನ್ನು ಹೇಗೆ ಮಾಡುವುದು ಅಂತ ಹಂತ ಹಂತವಾಗಿ ಹೇಳುತ್ತೇನೆ. ಉದಾಹರಣೆಗೆ ಆಲ್ಡಿ ಎಂಬ ಅಗ್ಗದ ದಿನಸಿ ಅಂಗಡಿಯನ್ನು ಇಟ್ಟುಕೊಂಡಿದ್ದೇನೆ. ನಿಮ್ಮ ಊರಿನಲ್ಲಿ ಇರುವುದು ಲಿಡ್ಲ್, ಗ್ರೋಸರಿ ಔಟ್‌ಲೆಟ್ ಅಥವಾ ಡಾಲರ್ ಟ್ರೀ ಆಗಿದ್ದರೂ ಹೆಚ್ಚಿನ ಮಾತು ಅಲ್ಲಿಗೂ ಸಲ್ಲುತ್ತದೆ.

ಮೊದಲು, ಅಷ್ಟು ಅಗ್ಗ ಯಾಕೆ?

"ಇಷ್ಟು ಕಡಿಮೆ ಬೆಲೆ ಅಂದರೆ ಏನೋ ಕಳಪೆ ಇರಬೇಕು" ಎನ್ನುವ ಅನುಮಾನ ನಮ್ಮವರಿಗೆ ಬರುವುದು ಸಹಜ. ಉತ್ತರ ಅಂಗಡಿಯ ಒಳಗೇ ಕಾಣುತ್ತದೆ. ಆಲ್ಡಿ ಜರ್ಮನಿಯ ಎಸ್ಸೆನ್ ಊರಿನ ಆಲ್ಬ್ರೆಕ್ಟ್ ಮನೆತನದ ವ್ಯಾಪಾರ. 1913ರಲ್ಲಿ ಶುರುವಾದ ತಾಯಿಯ ಸಣ್ಣ ಅಂಗಡಿಯನ್ನು ಕಾರ್ಲ್ ಮತ್ತು ಥಿಯೋ ಎಂಬ ಅಣ್ಣತಮ್ಮಂದಿರು ಎರಡನೇ ಮಹಾಯುದ್ಧದ ನಂತರ ಬೆಳೆಸಿದರು. ಅಂಗಡಿಯಲ್ಲಿ ಸಿಗರೇಟು ಮಾರಬೇಕೋ ಬೇಡವೋ ಎಂಬ ಜಗಳದಲ್ಲಿ ಇಬ್ಬರೂ ಬೇರೆಯಾಗಿ, ಕಂಪನಿ ಉತ್ತರ, ದಕ್ಷಿಣ ಎಂದು ಎರಡಾಯಿತು. ಅಮೆರಿಕದಲ್ಲಿ ಆಲ್ಡಿ ಬೋರ್ಡು ಹಾಕಿರುವುದು ದಕ್ಷಿಣದ ಪಾಲು. ಅದರ ಮೊದಲ ಅಂಗಡಿ 1976ರಲ್ಲಿ ಅಯೋವಾ ರಾಜ್ಯದಲ್ಲಿ ತೆರೆಯಿತು. ಅಲ್ಲಿನ ಇನ್ನೊಂದು ದಿನಸಿ ಅಂಗಡಿ ಟ್ರೇಡರ್ ಜೋಸ್ ಉತ್ತರದ ಪಾಲಿಗೆ ಸೇರಿದ್ದು.

ಒಳಗೆ ಹೋದರೆ ಸಾಮಾನು ಬಂದ ರಟ್ಟಿನ ಪೆಟ್ಟಿಗೆಯಲ್ಲೇ ಕೂತಿರುತ್ತದೆ, ಒಂದೊಂದನ್ನೇ ಜೋಡಿಸಿಡುವ ಕೆಲಸವಿಲ್ಲ. ಒಂದು ಬಗೆಯ ಸಾಮಾನಿಗೆ ಹತ್ತು ಬ್ರ್ಯಾಂಡ್ ಇರುವುದಿಲ್ಲ, ಒಂದೋ ಎರಡೋ ಅಷ್ಟೇ. ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಸಾಮಾನು ಅವರದೇ ಬ್ರ್ಯಾಂಡು. ಪ್ಯಾಕೆಟ್ಟಿನ ಮೇಲೆ ಬಾರ್‌ಕೋಡ್ ದೊಡ್ಡದಾಗಿ, ಕೆಲವೊಮ್ಮೆ ಎರಡು ಮೂರು ಕಡೆ ಇರುತ್ತದೆ. ಹಾಗಾಗಿ ಬಿಲ್ ಮಾಡುವವರ ಕೈ ಎಲ್ಲೂ ತಡೆಯುವುದಿಲ್ಲ. ಉಳಿತಾಯ ಬರುವುದು ಇಂಥ ಕಡೆಗಳಿಂದ. ಅಂದಮಾತ್ರಕ್ಕೆ ಎಲ್ಲವೂ ರುಚಿ ಅಂತ ಅಲ್ಲ. ಅದಕ್ಕೇ ಪರೀಕ್ಷೆ ಮಾಡಿ ನೋಡಬೇಕು.

1. ಹೊರಡುವ ಮುಂಚೆ

ಜೇಬಿನಲ್ಲಿ ಒಂದು ಕ್ವಾರ್ಟರ್ ಇಟ್ಟುಕೊಳ್ಳಿ. 25 ಸೆಂಟಿನ ಈ ನಾಣ್ಯ ಹಾಕಿದರೆ ಸಾಮಾನು ತುಂಬುವ ತಳ್ಳುಗಾಡಿಯ ಸರಪಳಿ ಬಿಚ್ಚುತ್ತದೆ, ಗಾಡಿ ವಾಪಸು ಸಿಕ್ಕಿಸಿದಾಗ ನಾಣ್ಯ ಹಿಂದೆ ಬರುತ್ತದೆ. ಕೈಚೀಲವನ್ನೂ ಒಯ್ಯಿರಿ. ಅಲ್ಲಿ ಚೀಲಕ್ಕೆ ಬೇರೆ ದುಡ್ಡು, ತುಂಬಿಕೊಳ್ಳುವ ಕೆಲಸವೂ ನಿಮ್ಮದೇ. ಬಿಲ್ ಆದ ಮೇಲೆ ಸಾಮಾನನ್ನು ಹಾಗೇ ಗಾಡಿಗೆ ಹಾಕಿಕೊಂಡು, ಗೋಡೆ ಬದಿಯ ಕಟ್ಟೆಯ ಹತ್ತಿರ ಹೋಗಿ ನಿಧಾನವಾಗಿ ತುಂಬಿಕೊಳ್ಳಬೇಕು. ಬಿಲ್ ಮಾಡುವ ಜಾಗದಲ್ಲೇ ನಿಂತು ಚೀಲ ತುಂಬಿದರೆ ಹಿಂದಿನವರು ಏನೂ ಅನ್ನುವುದಿಲ್ಲ, ನೋಡುತ್ತಾರೆ ಅಷ್ಟೇ.

ಇದಕ್ಕಿಂತ ಮುಖ್ಯವಾದದ್ದು ಮನೆಯ ಫ್ರೀಜರ್ ತೆಗೆದು ನೋಡುವುದು. ನಾಲ್ಕು ಜನ ಹಂಚಿಕೊಂಡಿರುವ ಮನೆಯಲ್ಲಿ ನಿಮ್ಮ ಪಾಲಿಗೆ ಅರ್ಧ ಖಾನೆ ಬಂದರೆ ಹೆಚ್ಚು. ಅದರಲ್ಲಿ ಎಷ್ಟು ಚೀಲ ಹಿಡಿಯುತ್ತದೋ ಅಷ್ಟೇ ನಿಮ್ಮ ಪಟ್ಟಿ.

ತೊಗರಿಬೇಳೆ, ಬ್ಯಾಡಗಿ ಮೆಣಸಿನಕಾಯಿ, ಕರಿಬೇವು, ಹುಣಸೆಹಣ್ಣು, ಇಂಗು, ಬೆಲ್ಲ, ಫ್ರೋಜನ್ ಕಾಯಿತುರಿ, ಇವಕ್ಕೆ ಇಂಡಿಯನ್ ಸ್ಟೋರೇ ಗತಿ. ಇವನ್ನು ಮೊದಲೇ ತಂದಿಟ್ಟುಕೊಳ್ಳಿ. ಈ ಪುಟ್ಟ ಸಂಗ್ರಹ ಇಲ್ಲದಿದ್ದರೆ ಮುಂದೆ ಹೇಳುವ ಯಾವುದೂ ರುಚಿಯಾಗದು.

2. ಬೆಲೆ ಚೀಟಿಯ ಸಣ್ಣ ಅಕ್ಷರ ಓದಿ

ಸಾಮಾನು ಇಟ್ಟ ಶೆಲ್ಫಿಗೆ ಅಂಟಿಸಿದ ಚೀಟಿಯಲ್ಲಿ ಸಾಮಾನ್ಯವಾಗಿ ಎರಡು ಬೆಲೆ ಇರುತ್ತದೆ. ದೊಡ್ಡದು ಪ್ಯಾಕೆಟ್ಟಿನ ಬೆಲೆ. ಸಣ್ಣದು ಒಂದು ಔನ್ಸಿನ ಅಥವಾ ಒಂದು ಪೌಂಡಿನ ಬೆಲೆ. ಹೋಲಿಸಬೇಕಾದದ್ದು ಸಣ್ಣದನ್ನು. ಒಂದು ಔನ್ಸ್ ಅಂದರೆ ಸುಮಾರು 28 ಗ್ರಾಂ, 16 ಔನ್ಸಿಗೆ ಒಂದು ಪೌಂಡ್, ಅಂದರೆ 454 ಗ್ರಾಂ.

ಸುಮ್ನೆ ಲೆಕ್ಕಕ್ಕೆ ಹೇಳುವುದಾದರೆ, 12 ಔನ್ಸಿನ ಬಟಾಣಿ ಚೀಲ 1.20 ಡಾಲರ್ ಇದ್ದರೆ ಔನ್ಸಿಗೆ 10 ಸೆಂಟ್. 32 ಔನ್ಸಿನದು 2.88 ಇದ್ದರೆ ಔನ್ಸಿಗೆ 9 ಸೆಂಟ್. ದೊಡ್ಡದು ಅಗ್ಗ ನಿಜ. ಆದರೆ ಮೊದಲ ಸಲಕ್ಕೆ ಚಿಕ್ಕದನ್ನೇ ತನ್ನಿ. ಇಷ್ಟವಾಗದ ಎರಡು ಪೌಂಡ್ ಬಟಾಣಿಗಿಂತ ದುಬಾರಿ ಬಟಾಣಿ ಇನ್ನೊಂದಿಲ್ಲ.

ಡಾಲರ್ ಅಂಗಡಿಗಳಲ್ಲಿ ಈ ಲೆಕ್ಕ ಇನ್ನೂ ಮುಖ್ಯ. ಡಾಲರ್ ಟ್ರೀ ಬಹಳ ವರ್ಷ ಎಲ್ಲವನ್ನೂ ಒಂದು ಡಾಲರಿಗೆ ಮಾರಿ, 2021ರ ಕೊನೆಯಲ್ಲಿ ಮೂಲ ಬೆಲೆಯನ್ನು 1.25ಕ್ಕೆ ಏರಿಸಿತು. ಅಲ್ಲಿ ಪ್ಯಾಕೆಟ್ಟುಗಳು ಚಿಕ್ಕವು. ಬೆಲೆ ಕಡಿಮೆ ಕಂಡರೂ ತೂಕಕ್ಕೆ ಹೋಲಿಸಿದರೆ ದೊಡ್ಡ ಅಂಗಡಿಗಿಂತ ಜಾಸ್ತಿ ಬೀಳಬಹುದು. ಆದರೆ ಒಂದು ಹೊಸ ತಿನಿಸಿನ ರುಚಿ ನೋಡುವುದಕ್ಕೆ ಚಿಕ್ಕ ಪ್ಯಾಕೆಟ್ಟೇ ಒಳ್ಳೆಯದು ಅಲ್ವಾ?

ಮನೆಗೆ ತರಿಸುವ ಆ್ಯಪ್‌ನಲ್ಲಿ ಕಾಣುವ ಬೆಲೆ ಅಂಗಡಿಯ ಬೆಲೆಗಿಂತ ಜಾಸ್ತಿ ಇರಬಹುದು. ಅದರ ಮೇಲೆ ಡೆಲಿವರಿ ಮತ್ತು ಟಿಪ್ಸ್. ಅಗ್ಗದ ಅಂಗಡಿಯಿಂದ ಹಾಗೆ ತರಿಸಿದರೆ ಅಗ್ಗ ಎಲ್ಲಿ ಉಳಿಯಿತು?

3. ಹಸಿರು ಚುಕ್ಕೆ ಇಲ್ಲ, ಪಟ್ಟಿ ಓದಬೇಕು

ಸಸ್ಯಾಹಾರಿಗಳು ಹೆಚ್ಚು ಎಡವುವುದು ಇಲ್ಲಿ. ನಮ್ಮ ದೇಶದ ಪ್ಯಾಕೆಟ್ಟಿನ ಮೇಲೆ ಹಸಿರು ಚುಕ್ಕೆ ನೋಡಿ ರೂಢಿಯಾದ ಕಣ್ಣು ಅಮೆರಿಕದಲ್ಲಿ ಅದನ್ನು ಹುಡುಕುತ್ತಲೇ ಇರುತ್ತದೆ. ಅಲ್ಲಿ ಅಂಥ ಕಡ್ಡಾಯ ಗುರುತು ಇಲ್ಲ. ಪ್ಯಾಕೆಟ್ಟು ತಿರುಗಿಸಿ ಪದಾರ್ಥಗಳ ಪಟ್ಟಿಯನ್ನೇ ಓದಬೇಕು. ಯಾವುದು ಹೆಚ್ಚು ತೂಕ ಇದೆಯೋ ಅದು ಮೊದಲು ಬರುತ್ತದೆ.

ಅನುಮಾನ ಬರದ ಕಡೆಯೇ ಹೆಚ್ಚು ನೋಡಿ. ಡಬ್ಬಿಯ ರಿಫ್ರೈಡ್ ಬೀನ್ಸ್ ಬರೀ ಕಾಳು ಅಂತ ಕಾಣುತ್ತದೆ, ಆದರೆ "ಟ್ರೆಡಿಷನಲ್" ಎಂದು ಬರೆದದ್ದರಲ್ಲಿ ಲಾರ್ಡ್, ಅಂದರೆ ಹಂದಿಕೊಬ್ಬು, ಇರುವುದು ಮಾಮೂಲು. ಪಕ್ಕದಲ್ಲೇ "ವೆಜಿಟೇರಿಯನ್" ಎಂದಿರುವುದು ಸಿಗುತ್ತದೆ. ರೆಡಿ ಅನ್ನದ ಪ್ಯಾಕೆಟ್ಟು, ತರಕಾರಿ ಸೂಪು, ಮಸಾಲೆ ಹಾಕಿದ ಆಲೂಗೆಡ್ಡೆ ಇವುಗಳಲ್ಲಿ ಚಿಕನ್ ಬ್ರಾತ್ ಅಥವಾ ಚಿಕನ್ ಫ್ಯಾಟ್ ಇರಬಹುದು. ಕೆಲವು ಮೊಸರು, ಮಾರ್ಷ್‌ಮ್ಯಾಲೋ ಮತ್ತು ಜೆಲ್ಲಿ ಮಿಠಾಯಿಗಳಲ್ಲಿ ಜೆಲಟಿನ್, ಅಂದರೆ ಪ್ರಾಣಿಗಳ ಚರ್ಮ-ಮೂಳೆಯಿಂದ ತೆಗೆದ ಅಂಟು, ಇರುತ್ತದೆ. ಚೀಸಿನ ಪಟ್ಟಿಯಲ್ಲಿ ಬರೀ "ಎನ್‌ಜೈಮ್ಸ್" ಎಂದಿದ್ದರೆ, ಹಾಲು ಗಟ್ಟಿಮಾಡಲು ಹಾಕುವ ಆ ಕಿಣ್ವ ಪ್ರಾಣಿಯದೋ ಅಲ್ಲವೋ ಗೊತ್ತಾಗುವುದಿಲ್ಲ, "ಮೈಕ್ರೋಬಿಯಲ್" ಅಥವಾ "ವೆಜಿಟೇರಿಯನ್ ರೆನೆಟ್" ಎಂದಿದ್ದರೆ ನಿಶ್ಚಿಂತೆ. ವೂಸ್ಟರ್‌ಶೈರ್ ಸಾಸಿನಲ್ಲಿ ಸಾಮಾನ್ಯವಾಗಿ ಮೀನು ಇದೆ. ಪೈ ಮಾಡುವ ಫ್ರೋಜನ್ ಹಿಟ್ಟಿನಲ್ಲಿ ಲಾರ್ಡ್ ಇರಬಹುದು.

ಒಂದು ಒಳದಾರಿ ಹೇಳುತ್ತೇನೆ. ಯಹೂದಿಗಳ ಆಹಾರ ನಿಯಮಕ್ಕೆ ಒಪ್ಪುವ ಸಾಮಾನಿನ ಮೇಲೆ ಹಾಕುವ ಕೋಷರ್ ಗುರುತುಗಳು ನಮಗೂ ಉಪಯೋಗಕ್ಕೆ ಬರುತ್ತವೆ. ವೃತ್ತದೊಳಗೆ "ಯು" ಅಕ್ಷರ, ಅದರ ಪಕ್ಕ "ಡಿ" ಇದ್ದರೆ ಹಾಲಿನ ಪದಾರ್ಥ ಎಂದು ಅರ್ಥ. ಅವರ ನಿಯಮದಲ್ಲಿ ಹಾಲು ಮತ್ತು ಮಾಂಸ ಬೆರೆಸುವಂತಿಲ್ಲ, ಹಾಗಾಗಿ ಅದರಲ್ಲಿ ಮಾಂಸ ಇರುವುದಿಲ್ಲ. "ಪರೇವ್" ಎಂದಿದ್ದರೆ ಹಾಲೂ ಇಲ್ಲ, ಮಾಂಸವೂ ಇಲ್ಲ. ಆದರೆ ಮೊಟ್ಟೆ ಮತ್ತು ಮೀನು ಎರಡರಲ್ಲೂ ಇರಬಹುದು. ಗುರುತು ಅನುಮಾನ ಕಡಿಮೆ ಮಾಡುತ್ತದೆ, ಪಟ್ಟಿ ಓದುವ ಕೆಲಸ ತಪ್ಪಿಸುವುದಿಲ್ಲ. "ವೀಗನ್", ಅಂದರೆ ಪ್ರಾಣಿಮೂಲದ್ದು ಏನೂ ಇಲ್ಲ, ಎಂದು ಬರೆದಿದ್ದರೆ ಇನ್ನೂ ಸುಲಭ.

ಅಲರ್ಜಿ ಇರುವವರಿಗೆ ಪಟ್ಟಿಯ ಕೆಳಗಿನ "ಕಂಟೇನ್ಸ್" ಸಾಲು ಬೇಗ ಕಣ್ಣಿಗೆ ಬೀಳುತ್ತದೆ. ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿ ಜಾತಿ, ಮರದ ಬೀಜಗಳು, ಕಡಲೆಕಾಯಿ, ಗೋಧಿ, ಸೋಯಾ ಇದ್ದರೆ ಪ್ಯಾಕೆಟ್ಟಿನ ಮೇಲೆ ತಿಳಿಸಲೇಬೇಕು. 2023ರ ಜನವರಿಯಿಂದ ಎಳ್ಳೂ ಈ ಗುಂಪಿಗೆ ಸೇರಿದೆ.

ಇನ್ನು ಉಪ್ಪು. ದೊಡ್ಡವರಿಗೆ ದಿನದ ಸೋಡಿಯಂ ಮಿತಿ 2,300 ಮಿಲಿಗ್ರಾಂ ಎಂದು ಲೇಬಲ್ಲಿನ ಲೆಕ್ಕ. ಒಂದು ಸರ್ವಿಂಗಿನಲ್ಲಿ, ಅಂದರೆ ಲೇಬಲ್ಲು ಹೇಳುವ ಒಂದು ಸಲದ ಅಳತೆಯಲ್ಲಿ, ಆ ಮಿತಿಯ ಶೇಕಡಾ 5ರ ಒಳಗಿದ್ದರೆ ಕಡಿಮೆ, 20 ಮುಟ್ಟಿದರೆ ಜಾಸ್ತಿ. ಇಲ್ಲಿ "ಸರ್ವಿಂಗ್ ಸೈಜ್" ನೋಡದೆ ಮೋಸ ಹೋಗಬೇಡಿ. ಸಾಸಿನ ಬಾಟಲಿ ಒಂದನ್ನು ಇಬ್ಬರು ಒಂದೇ ಊಟಕ್ಕೆ ಮುಗಿಸುತ್ತೀರಿ, ಲೇಬಲ್ಲು ಅದನ್ನೇ ಮೂರು ನಾಲ್ಕು ಸರ್ವಿಂಗ್ ಎಂದು ಹೇಳಿರುತ್ತದೆ. ಗುಣಿಸಿ ನೋಡಿ. ಅನ್ನಕ್ಕೆ ಉಪ್ಪಿನಕಾಯಿ ನೆಂಚಿಕೊಳ್ಳುವ ನಾವು ಈ ಲೆಕ್ಕವನ್ನು ಇನ್ನಷ್ಟು ಗಮನಿಸಬೇಕು.

4. ಮೊದಲು ಇವನ್ನು ತನ್ನಿ

ಫ್ರೋಜನ್ ತರಕಾರಿಯಿಂದ ಶುರುಮಾಡಿ. ಅಗ್ಗದ ಅಂಗಡಿಯ ಅತಿ ಒಳ್ಳೆಯ ಸಾಮಾನು ಇದೇ ಅಂತ ನನ್ನ ಗಟ್ಟಿ ಅಭಿಪ್ರಾಯ. ಕೊಯ್ದ ಮೇಲೆ ಬೇಗ ಬಿಸಿನೀರಿನಲ್ಲೋ ಹಬೆಯಲ್ಲೋ ಸ್ವಲ್ಪ ಹೊತ್ತು ಹಿಡಿದು ಹೆಪ್ಪುಗಟ್ಟಿಸುವುದರಿಂದ ಬಣ್ಣ ಮತ್ತು ಸತ್ವ ಚೆನ್ನಾಗಿ ಉಳಿಯುತ್ತದೆ. ಪಟ್ಟಿಯಲ್ಲಿ ತರಕಾರಿಯ ಹೆಸರು ಬಿಟ್ಟು ಬೇರೇನೂ ಇರಬಾರದು. ಬೆಣ್ಣೆ ಸಾಸು, ಚೀಸ್ ಸಾಸು ಸೇರಿಸಿದ ಚೀಲ ನಮಗೆ ಬೇಡ. ಆಲ್ಡಿಯಲ್ಲಿ ಇವು ಬಹುಕಾಲದಿಂದ ಸೀಸನ್ಸ್ ಚಾಯ್ಸ್ ಎಂಬ ಹೆಸರಿನಲ್ಲಿ ಬಂದಿವೆ. ಪ್ಯಾಕೆಟ್ಟುಗಳ ಮೇಲೆ ಆಲ್ಡಿ ಹೆಸರನ್ನೇ ಎದ್ದು ಕಾಣುವಂತೆ ಹಾಕುವುದಾಗಿ ಕಂಪನಿ 2025ರಲ್ಲಿ ಹೇಳಿದೆ, ಹಾಗಾಗಿ ಹಳೆಯ ಹೆಸರು ಕಾಣದಿದ್ದರೆ ಗಾಬರಿ ಬೇಡ.

ಬಟಾಣಿ ಮತ್ತು ಮೆಕ್ಕೆಜೋಳದಲ್ಲಿ ಸೋಲುವುದು ಕಷ್ಟ. ಉಪ್ಪಿಟ್ಟು, ವಾಂಗಿಬಾತು, ಪಲಾವು, ಉಸಲಿ ಎಲ್ಲಕ್ಕೂ ನೇರ ಚೀಲದಿಂದ ಬಾಣಲೆಗೆ. ಕೊನೆಯಲ್ಲಿ ಹಾಕಿ, ಚೆನ್ನಾಗಿ ಬಿಸಿಯಾಗಿ ಬೆಂದರೆ ಸಾಕು.

ಹುರುಳಿಕಾಯಿ ಪಲ್ಯಕ್ಕೆ "ಕಟ್ ಗ್ರೀನ್ ಬೀನ್ಸ್" ತನ್ನಿ. ಹೆಚ್ಚಿನವರು ಇದನ್ನು ಹಾಳುಮಾಡುವುದು ಊರಿನ ರೂಢಿಯಂತೆ ನೀರು ಹಾಕಿ, ಮುಚ್ಚಿ ಬೇಯಿಸುವುದರಿಂದ. ಫ್ರೋಜನ್ ತರಕಾರಿ ತಾನೇ ನೀರು ಬಿಡುತ್ತದೆ, ಮೊದಲೇ ಅರೆಬೆಂದಿರುತ್ತದೆ. ಅಗಲ ಬಾಣಲೆ, ದೊಡ್ಡ ಉರಿ, ಮುಚ್ಚಳ ಬೇಡ. ಒಗ್ಗರಣೆ ಸಿಡಿದ ಮೇಲೆ ಕರಗಿಸದೆ ಹಾಗೇ ಹಾಕಿ, ನೀರು ಆರಿದ ಮೇಲೆ ಉಪ್ಪು ಹಾಕಿ, ಕೊನೆಗೆ ಕಾಯಿತುರಿ. ಇಷ್ಟು ಮಾಡಿದರೆ ಮೆತ್ತಗಾಗುವ ದೂರು ಬಹುಪಾಲು ಹೋಗುತ್ತದೆ. ಡಬ್ಬಿಯಲ್ಲಿ ಬರುವ ಗ್ರೀನ್ ಬೀನ್ಸ್ ಮಾತ್ರ ಪಲ್ಯಕ್ಕೆ ಬೇಡವೇ ಬೇಡ, ಅದು ಬೆಂದು ಬೆಂದು ಬಣ್ಣ ಕಳೆದುಕೊಂಡಿರುತ್ತದೆ.

ಬೆಂಡೆಕಾಯಿಗೆ ಇದೇ ಉಪಾಯ, ಜೊತೆಗೆ ಹುಳಿ ಬೇಕು. ಹೆಚ್ಚಿದ ಫ್ರೋಜನ್ ಬೆಂಡೆ ಕರಗಿದರೆ ಲೋಳೆ ಬಿಡುತ್ತದೆ. ಕರಗುವ ಮುಂಚೆಯೇ ಕಾದ ಎಣ್ಣೆಗೆ ಹಾಕಿ, ಹುಣಸೆರಸ ಬಿಟ್ಟು ಗೊಜ್ಜು ಮಾಡಿ. ಒಣ ಪಲ್ಯಕ್ಕೆ ಅದು ಒಗ್ಗುವುದಿಲ್ಲ. ಕೊಳ್ಳುವಾಗ "ಬ್ರೆಡೆಡ್" ಎಂದಿದೆಯಾ ನೋಡಿ, ಅದಕ್ಕೆ ಹಿಟ್ಟು ಮೆತ್ತಿರುತ್ತದೆ, ಕರಿಯಲು ಮಾತ್ರ.

ಪಾಲಕ್ ಎರಡು ರೂಪದಲ್ಲಿ ಬರುತ್ತದೆ. ಇಟ್ಟಿಗೆ ಥರ ಗಟ್ಟಿ ಇರುವ ಪೆಟ್ಟಿಗೆ ಸಾರಿಗೆ ಸರಿ. ಚೀಲದಲ್ಲಿ ಬಿಡಿಬಿಡಿಯಾಗಿ ಇರುವುದು ಒಬ್ಬರ ಅಡುಗೆಗೆ ಅನುಕೂಲ, ಬೇಕಾದಷ್ಟು ಹಿಡಿ ತೆಗೆದು ಉಳಿದದ್ದನ್ನು ವಾಪಸಿಡಬಹುದು. ಬೇಯುತ್ತಿರುವ ತೊಗರಿಬೇಳೆಗೆ ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಮಸೆದರೆ ಮಸೊಪ್ಪು ತಯಾರು. ಸೊಪ್ಪು ಬಿಡಿಸುವ, ಮಣ್ಣು ತೊಳೆಯುವ ತಾಪತ್ರಯ ಇಲ್ಲ. ಪರೀಕ್ಷೆಯ ವಾರದಲ್ಲಿ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಊಟ ನನಗೆ ತೋಚುವುದಿಲ್ಲ.

ಅವರೆಕಾಳಿನ ಆಸೆ ಇರುವವರಿಗೆ ಒಂದು ಮಾತು. ಅಮೆರಿಕದ ದಿನಸಿ ಅಂಗಡಿಗಳ ಫ್ರೀಜರಿನಲ್ಲಿ ಬೇಬಿ ಲೈಮಾ ಬೀನ್ಸ್ ಸಿಗುತ್ತದೆ. ಅದು ಅವರೆ ಅಲ್ಲ, ಬೇರೆಯೇ ಜಾತಿ. ಮಾಗಿಯ ಸೊಗಡು ಅದರಲ್ಲಿ ಹುಡುಕಬೇಡಿ. ಆದರೆ ಕರಗಿಸಿ ಬೆರಳಲ್ಲಿ ಹಿಸುಕಿದರೆ ಸಿಪ್ಪೆ ಜಾರಿ ಒಳಗಿನ ಹಸಿರು ಬೇಳೆ ಹೊರಬರುತ್ತದೆ, ಹಿತಕಿದ ಬೇಳೆ ಸಾರಿನ ಮಸಾಲೆ ಅದಕ್ಕೆ ಚೆನ್ನಾಗಿ ಹಿಡಿಯುತ್ತದೆ. ಚೆನ್ನಾಗಿ ಬೇಯಿಸಿ. ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಅವರೆ ಮೇಳದ ಫೋಟೋ ಬಂದಾಗ ಸಮಾಧಾನಕ್ಕೆ ಇಷ್ಟು ಸಾಕು.

ಈಗ ಡಬ್ಬಿಗಳು. ಕಾಬೂಲ್ ಕಡಲೆ, ರಾಜ್ಮಾ, ಕಪ್ಪು ಬೀನ್ಸ್ ಮತ್ತು ಅಲಸಂದೆ ಕಾಳು ಬೆಂದು ತಯಾರಾಗಿ ಬರುತ್ತವೆ. ಅಲಸಂದೆ ಅಲ್ಲಿ "ಬ್ಲ್ಯಾಕ್ ಐಡ್ ಪೀಸ್". ಸಾಮಾನ್ಯ ಡಬ್ಬಿ 15 ಔನ್ಸ್ ಆಸುಪಾಸು, ನೀರು ಸೇರಿ 425 ಗ್ರಾಂ. ಒಣಕಾಳು ನೆನೆಸಿ ಕುಕ್ಕರಿನಲ್ಲಿ ಕೂಗಿಸಿದರೆ ಇನ್ನೂ ಅಗ್ಗ ಅನ್ನುವುದು ನಿಜವೇ. ಆದರೆ ಹಿಂದಿನ ರಾತ್ರಿ ನೆನೆಸಲು ನೆನಪಿರಬೇಕಲ್ಲ! ಡಬ್ಬಿಯ ನೀರು ಬಸಿದು, ನಲ್ಲಿಯಡಿ ಚೆನ್ನಾಗಿ ತೊಳೆಯಿರಿ. ಸೋಡಿಯಂ ಸುಮಾರು ಶೇಕಡಾ 40ರವರೆಗೂ ಇಳಿಯುತ್ತದೆ, ಡಬ್ಬಿಯ ವಾಸನೆಯೂ ಹೋಗುತ್ತದೆ. ಉಸಲಿಗೆ ನೇರವಾಗಿ ಹಾಕಿ. ಸಾರಿಗಾದರೆ ಒಂದು ಹಿಡಿ ಕಾಳು ಮಸಾಲೆಯ ಜೊತೆ ಅರೆದರೆ ಸಾರು ಮಂದ ಬರುತ್ತದೆ.

ಟೊಮೆಟೊ ಡಬ್ಬಿ ತರುವಾಗ ಪಟ್ಟಿಯಲ್ಲಿ ಬೇಸಿಲ್, ಆರಿಗಾನೊ ಇದೆಯಾ ನೋಡಿ. ಇದ್ದರೆ ಸಾರಿಗೆ ಪಿಜ್ಜಾ ವಾಸನೆ ಬರುತ್ತದೆ. "ಕ್ರಷ್ಡ್" ಅಥವಾ "ಡೈಸ್ಡ್", ಮಸಾಲೆ ಸೇರಿಸದ್ದು ಇರಲಿ. ಸಿಹಿಗುಂಬಳದ ಡಬ್ಬಿಯಲ್ಲೂ ಇದೇ ಎಚ್ಚರ: ಬರೀ "ಪಂಪ್ಕಿನ್" ಎಂದಿರುವುದು ಕಡುಬಿಗೂ ಹುಳಿಗೂ ಸರಿ, "ಪೈ ಮಿಕ್ಸ್" ಎಂದಿರುವುದರಲ್ಲಿ ಸಕ್ಕರೆ ಮತ್ತು ದಾಲ್ಚಿನ್ನಿ ಸೇರಿರುತ್ತದೆ. ಕೊಬ್ಬರಿ ತುರಿಯಂತೂ ಹೊಸಬರನ್ನು ಖಂಡಿತ ಏಮಾರಿಸುತ್ತದೆ. ಬೇಕಿಂಗ್ ಸಾಮಾನಿನ ಸಾಲಿನಲ್ಲಿರುವ ತುರಿ ಹೆಚ್ಚಾಗಿ ಸಿಹಿ ಹಾಕಿದ್ದು. "ಅನ್‌ಸ್ವೀಟನ್ಡ್" ಎಂದಿಲ್ಲದಿದ್ದರೆ ಚಟ್ನಿಗೆ ಕೈ ಹಾಕಬೇಡಿ. ಮೊಸರಲ್ಲೂ "ಪ್ಲೇನ್" ಎಂದಿರಬೇಕು. ವೆನಿಲಾ ಮೊಸರಿನ ಡಬ್ಬಿಯೂ ಬಿಳಿಯೇ, ಪ್ಲೇನ್ ಪಕ್ಕದಲ್ಲೇ ಕೂತಿರುತ್ತದೆ, ಮತ್ತು ಅದರಲ್ಲಿ ಮೊಸರನ್ನ ಕಲಸಿದವರ ಮುಖ ನೋಡಬೇಕು.

ಒಣ ಸಾಮಾನಿನಲ್ಲಿ ಮೂರು ನೆನಪಿಡಿ. ಮೆಕ್ಸಿಕನ್ ಸಾಮಾನಿನ ಸಾಲಿನಲ್ಲಿ ಸಿಗುವ "ಫಿಡಿಯೊ" ಗೋಧಿಯ ತೆಳು ಶಾವಿಗೆ, ತುಪ್ಪದಲ್ಲಿ ಕೆಂಪಗೆ ಹುರಿದರೆ ಶಾವಿಗೆ ಉಪ್ಪಿಟ್ಟಿಗೆ ಒಗ್ಗುತ್ತದೆ. ಆಲೂಗೆಡ್ಡೆ ಫ್ಲೇಕ್ಸ್ ಬಿಸಿನೀರಿಗೆ ಕಲಸಿದರೆ ಕ್ಷಣದಲ್ಲಿ ಬೋಂಡಾ ಹೂರಣಕ್ಕೆ ಬೇಕಾದ ಆಲೂ ತಯಾರು, ನೀರು ಹೇಳಿದ್ದಕ್ಕಿಂತ ಕಡಿಮೆ ಹಾಕಿ. ಓಟ್ಸ್ ಬಗ್ಗೆ ಹೊಸದಾಗಿ ಹೇಳುವುದೇನಿದೆ, ಊರಲ್ಲೂ ತಿಂದೇ ಬಂದಿರುತ್ತೀರಿ.

5. ರೆಡಿ ಊಟ: ಆಸೆ ಇದ್ದರೆ ಒಂದೇ ಒಂದು

ಫ್ರೀಜರಿನ ಬಾಗಿಲಿನಲ್ಲಿ ಪನೀರು, ನಾನ್, ಬಿರಿಯಾನಿ ಚಿತ್ರಗಳನ್ನು ನೋಡಿದಾಗ ಕೈ ಹೋಗುತ್ತದೆ. ಹೋಗಲಿ. ಒಂದು ಸಲಕ್ಕೆ ಒಂದು ಡಬ್ಬಿ ಎಂದು ನಿಯಮ ಮಾಡಿಕೊಳ್ಳಿ.

ಈ ಡಬ್ಬಿಗಳಲ್ಲಿ ಬೆಲೆಗಿಂತ ದೊಡ್ಡ ತೊಂದರೆ ಅಳತೆ. ಒಂಬತ್ತು ಹತ್ತು ಔನ್ಸಿನ ಡಬ್ಬಿ ಅಂದರೆ 255ರಿಂದ 285 ಗ್ರಾಂ, ಅದೂ ಅನ್ನ ಸೇರಿ. ರಾತ್ರಿ ಹಸಿದು ಬಂದವರಿಗೆ ಹೊಟ್ಟೆಯ ಮೂಲೆಗೂ ಸಾಲದು. ಸೋಡಿಯಂ 600-700 ಮಿಲಿಗ್ರಾಂ ದಾಟುವುದು ಅಪರೂಪವಲ್ಲ. ರುಚಿಯೂ ಅಲ್ಲಿಯವರ ನಾಲಿಗೆಗೆ ತಕ್ಕಂತೆ, ಸಿಹಿ ಮುಂದೆ, ಖಾರ ಹಿಂದೆ. ಗಾಜಿನ ಬಾಟಲಿಯ ಟಿಕ್ಕಾ ಮಸಾಲಾ ಸಾಸೂ ಇದೇ ಕಥೆ. ಅದನ್ನು ಕೊಂಡಿದ್ದರೆ ಹಾಗೇ ಸುರಿಯಬೇಡಿ. ಈರುಳ್ಳಿ, ಹಸಿಮೆಣಸು, ಶುಂಠಿ ಹುರಿದು, ಧನಿಯಾ ಪುಡಿ ಹಾಕಿ, ಅರ್ಧ ಬಾಟಲಿ ಸಾಸಿಗೆ ಒಂದು ಡಬ್ಬಿ ತೊಳೆದ ಕಾಬೂಲ್ ಕಡಲೆ ಸೇರಿಸಿ, ಕೊನೆಗೆ ನಿಂಬೆರಸ. ಆಗ ಅದು ಇಬ್ಬರಿಗೆ ಊಟವಾಗುತ್ತದೆ.

ಪಿಜ್ಜಾ ಮಾತ್ರ ನನ್ನ ಲೆಕ್ಕದಲ್ಲಿ ಪಾಸು. ಚೀಸ್ ಪಿಜ್ಜಾದ ಸಾದಾ ಡಬ್ಬಿ ತಂದು, ಮೇಲೆ ಈರುಳ್ಳಿ, ದಪ್ಪಮೆಣಸಿನಕಾಯಿ, ಹಸಿಮೆಣಸು ನೀವೇ ಹಾಕಿ ಓವನ್ನಿನಲ್ಲಿಡಿ. ಮೈಕ್ರೋವೇವಿನಲ್ಲಿ ಹಿಟ್ಟಿನ ಯಾವ ಪದಾರ್ಥವೂ ಉದ್ಧಾರವಾಗುವುದಿಲ್ಲ. ಸಮೋಸ, ಸ್ಪ್ರಿಂಗ್ ರೋಲ್, ಫ್ರೈಸ್‌ಗೆ ಏರ್ ಫ್ರೈಯರ್ ಇದ್ದರೆ ಅದೇ, ಇಲ್ಲದಿದ್ದರೆ ಓವನ್.

ಮಾಂಸ ತಿನ್ನುವವರಿಗೆ ಆಲ್ಡಿಯ ಕೆಂಪು ಚೀಲದ ಚಿಕನ್ ಹೆಸರು ಯಾರಾದರೂ ಹೇಳಿಯೇ ಇರುತ್ತಾರೆ, ಅದಕ್ಕೆ ಅಭಿಮಾನಿಗಳೇ ಇದ್ದಾರೆ. ಆದರೆ ಚಿಕನ್ ಪ್ಯಾಕೆಟ್ಟು ಯಾವುದೇ ಆಗಲಿ, "ಫುಲ್ಲಿ ಕುಕ್ಡ್" ಎಂದಿದೆಯಾ ಓದಿ. ಒಳಗೆ ಚೀಸ್ ತುಂಬಿ, ಹೊರಗೆ ಬ್ರೆಡ್ ಪುಡಿ ಮೆತ್ತಿದ ಕೆಲವು ತುಂಡುಗಳು ಹೊಂಬಣ್ಣಕ್ಕೆ ಬಂದು ಬೆಂದಂತೆ ಕಾಣುತ್ತವೆ, ಒಳಗೆ ಹಸಿಯೇ ಇರುತ್ತವೆ. ಅವನ್ನು ಮೈಕ್ರೋವೇವಿನಲ್ಲಿ ಬಿಸಿಮಾಡಿ ತಿನ್ನುವುದು ಅಪಾಯ. ಒಳಭಾಗ 165 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಚುಚ್ಚಿ ನೋಡುವ ಥರ್ಮಾಮೀಟರ್ ಒಂದು ಮನೆಯಲ್ಲಿರಲಿ.

6. ಗಾಡಿಗೆ ಹಾಕುವ ಮುಂಚೆ ಮುಟ್ಟಿ ನೋಡಿ

ಫ್ರೋಜನ್ ಚೀಲ ಅಲ್ಲಾಡಿಸಿ. ಕಾಳು ಕಾಳಾಗಿ ಸದ್ದು ಬಂದರೆ ಒಳ್ಳೆಯದು. ಒಂದೇ ಗಡ್ಡೆಯಾಗಿದ್ದರೆ, ಒಳಗೆ ದಪ್ಪ ಮಂಜು ಕಟ್ಟಿದ್ದರೆ, ದಾರಿಯಲ್ಲೆಲ್ಲೋ ಕರಗಿ ಮತ್ತೆ ಗಟ್ಟಿಯಾಗಿರಬಹುದು. ಬಿಟ್ಟುಬಿಡಿ. ಉಬ್ಬಿದ ಅಥವಾ ಸೋರುವ ಡಬ್ಬಿ ಎಷ್ಟು ಅಗ್ಗವಾದರೂ ಬೇಡ. ಸಣ್ಣ ತಗ್ಗು ಪರವಾಗಿಲ್ಲ, ಆದರೆ ಅಂಚಿನ ಜೋಡಣೆಯ ಮೇಲೆ ತಗ್ಗು ಬಿದ್ದಿದ್ದರೆ, ಬೆರಳು ಹುದುಗುವಷ್ಟು ಆಳವಿದ್ದರೆ ಅದೂ ಬೇಡ.

ತಾರೀಖಿನ ಬಗ್ಗೆ ಅನವಶ್ಯಕ ಭಯ ಬೇಡ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಮಕ್ಕಳ ಹಾಲಿನ ಪುಡಿ ಬಿಟ್ಟರೆ ಪ್ಯಾಕೆಟ್ಟಿನ ತಾರೀಖು ಕಡ್ಡಾಯವಲ್ಲ. "ಬೆಸ್ಟ್ ಬೈ" ಎನ್ನುವುದು ರುಚಿ ಚೆನ್ನಾಗಿರುವ ಅವಧಿ, "ಸೆಲ್ ಬೈ" ಅಂಗಡಿಯವರ ಲೆಕ್ಕಕ್ಕೆ. ಗ್ರೋಸರಿ ಔಟ್‌ಲೆಟ್‌ನಂಥ ಕಡೆ ಬೇರೆ ಕಂಪನಿಗಳ ಉಳಿಕೆ ಮಾಲು ಬರುತ್ತದೆ, ಅಲ್ಲಿ ತಾರೀಖು ಹತ್ತಿರ ಬಂದ ಸಾಮಾನೂ ಇರಬಹುದು. ಈ ವಾರವೇ ತಿನ್ನುವುದಾದರೆ ತನ್ನಿ, ಕೂಡಿಡಲು ಬೇಡ.

ಫ್ರೀಜರಿನ ಸಾಲಿಗೆ ಕೊನೆಯಲ್ಲಿ ಹೋಗಿ. ಹೊರಗೆ ಬಂದ ಸಾಮಾನು ಎರಡು ಗಂಟೆಯೊಳಗೆ ಮನೆಯ ಫ್ರಿಜ್ ಸೇರಬೇಕು, ಹೊರಗಿನ ಬಿಸಿಲು 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ ಒಂದೇ ಗಂಟೆ. ಬಸ್ಸಿನಲ್ಲಿ ಓಡಾಡುವವರು ಬೆಳ್ಳಿ ಒಳಪದರದ ಚೀಲವೊಂದನ್ನು ಕೊಳ್ಳಿ. ಫ್ರೋಜನ್ ಚೀಲಗಳನ್ನು ಒಂದಕ್ಕೊಂದು ಒತ್ತಿ ತುಂಬಿ, ಅವೇ ಒಂದಕ್ಕೊಂದು ತಂಪು ಕಾಯುತ್ತವೆ.

7. ಮನೆಗೆ ಬಂದ ಮೇಲೆ

ಫ್ರೀಜರು 0 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಮೈನಸ್ 18 ಸೆಲ್ಸಿಯಸ್ ಇರಬೇಕು. ಆ ಚಳಿಯಲ್ಲಿ ಆಹಾರ ಕೆಡುವುದಿಲ್ಲ, ರುಚಿ ಮಾತ್ರ ನಿಧಾನವಾಗಿ ಇಳಿಯುತ್ತದೆ. ಬಿಳಿ ಒಣ ಕಲೆ ಕಂಡರೆ ಅದು ಗಾಳಿಗೆ ನೀರಿನಂಶ ಹಾರಿದ ಗುರುತು. ತಿಂದರೆ ಏನೂ ಆಗದು, ರುಚಿ ಇರದು. ಚೀಲದ ಗಾಳಿ ಒತ್ತಿ ತೆಗೆದು ಬಟ್ಟೆ ಕ್ಲಿಪ್ ಹಾಕಿಡಿ. ಬೇರೆ ಡಬ್ಬಕ್ಕೆ ಸುರಿಯುವವರು ಲಾಟ್ ನಂಬರ್, ಅಂದರೆ ಯಾವ ಕಂತಿನಲ್ಲಿ ತಯಾರಾಯಿತು ಎಂಬ ಸಂಖ್ಯೆ, ಇರುವ ತುಂಡನ್ನು ಕತ್ತರಿಸಿ ಒಳಗಿಡಿ. ಯಾವುದಾದರೂ ಸಾಮಾನನ್ನು ಸರ್ಕಾರ ಅಥವಾ ಕಂಪನಿ ವಾಪಸು ಕರೆದ ಸುದ್ದಿ ಬಂದರೆ ನಿಮ್ಮದೂ ಅದೇನಾ ಅಂತ ನೋಡಲು ಬೇಕಾಗುತ್ತದೆ.

ಹಿಮಗಾಳಿಗೆ ಕರೆಂಟು ಹೋದರೆ ಬಾಗಿಲು ತೆರೆಯಬೇಡಿ. ತುಂಬಿದ ಫ್ರೀಜರು ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಂಪು ಹಿಡಿದಿಡುತ್ತದೆ.

ರುಚಿ ನೋಡುವ ಕ್ರಮವೂ ಒಂದಿದೆ. ಮೊದಲ ಸಲ ಅರ್ಧ ಚೀಲ ಮಾತ್ರ ಬಳಸಿ, ನಿಮಗೆ ಚೆನ್ನಾಗಿ ಗೊತ್ತಿರುವ ಅಡುಗೆಯಲ್ಲೇ ಬಳಸಿ. ಹೊಸ ಸಾಮಾನು, ಹೊಸ ಅಡುಗೆ ಎರಡೂ ಒಟ್ಟಿಗೆ ಬೇಡ. ಕೆಟ್ಟರೆ ಯಾವುದರ ತಪ್ಪು ಅಂತ ತಿಳಿಯುವುದಿಲ್ಲ. ಇಷ್ಟವಾಗದಿದ್ದರೆ ಉಳಿದರ್ಧವನ್ನು ಇನ್ನೊಂದು ರೂಪದಲ್ಲಿ ನೋಡಿ, ಪಲ್ಯಕ್ಕೆ ಒಗ್ಗದ ಹೂಕೋಸು ಸಾಗುವಿನಲ್ಲಿ ಚೆನ್ನಾಗಿರಬಹುದು. ಎರಡರಲ್ಲೂ ಸೋತರೆ ಫೋನಿನಲ್ಲಿ ಹೆಸರು ಬರೆದಿಟ್ಟು ಮುಂದೆ ಆ ಕಡೆ ತಿರುಗಬೇಡಿ. ಮನೆಯವರು ನಾಲ್ಕು ಜನ ಇದ್ದರೆ ಒಬ್ಬೊಬ್ಬರು ಒಂದೊಂದು ಹೊಸ ಪ್ಯಾಕೆಟ್ಟು ತಂದು ಹಂಚಿಕೊಂಡು ನೋಡಬಹುದು, ಖರ್ಚೂ ಹಂಚಿಹೋಗುತ್ತದೆ.

ನಿಜವಾಗಿಯೂ ಕೆಟ್ಟದಾಗಿದ್ದರೆ ಸುಮ್ಮನಿರಬೇಡಿ. ನಮ್ಮವರಿಗೆ ತಿನ್ನುವ ಸಾಮಾನು ವಾಪಸು ಕೊಡಲು ಸಂಕೋಚ. ಅಮೆರಿಕದ ಆಲ್ಡಿಯಲ್ಲಿ ಅವರದೇ ಬ್ರ್ಯಾಂಡಿನ ಆಹಾರ ಇಷ್ಟವಾಗದಿದ್ದರೆ ದುಡ್ಡೂ ವಾಪಸು, ಬದಲಿ ಪ್ಯಾಕೆಟ್ಟೂ ಕೊಡುವ ಪದ್ಧತಿ ಇದೆ. ಹೊರಗಿನ ದೊಡ್ಡ ಬ್ರ್ಯಾಂಡುಗಳು ಮತ್ತು ಮದ್ಯ ಇದಕ್ಕೆ ಸೇರುವುದಿಲ್ಲ. ಉಳಿದ ಸಾಮಾನಿನ ಜೊತೆ ಪ್ಯಾಕೆಟ್ಟನ್ನೂ ಬಿಲ್ಲನ್ನೂ ಒಯ್ಯಿರಿ, ಬಿಲ್ ಮಾಡುವವರ ಹತ್ತಿರವೇ ಹೇಳಿ.

ಇಷ್ಟವಾದದ್ದನ್ನು ಮುಂದಿನ ಸಲ ಎರಡು ತನ್ನಿ, ಹತ್ತು ಬೇಡ. ಮಧ್ಯದ ಸಾಲಿನಲ್ಲಿ ಬರುವ "ಆಲ್ಡಿ ಫೈಂಡ್ಸ್" ಸಾಮಾನು ಸಾಮಾನ್ಯವಾಗಿ ಬುಧವಾರ ಬುಧವಾರ ಬದಲಾಗುತ್ತದೆ, ಖಾಲಿಯಾದರೆ ಮತ್ತೆ ಯಾವಾಗ ಬರುತ್ತದೋ ಹೇಳಲಾಗದು. ಅದರಲ್ಲಿ ತಿನಿಸಿಗಿಂತ ಕುರ್ಚಿ, ಬಾಣಲೆ, ಗಿಡದ ಕುಂಡಗಳೇ ಜಾಸ್ತಿ ಕೈಗೆ ಅಂಟುತ್ತವೆ. ಬಟಾಣಿ ತರಲು ಹೋದವರು ಆ ಸಾಲನ್ನು ಬೇಗ ದಾಟುವುದು ಒಳ್ಳೆಯದು.